ಸೋದರಮಾವನ ಹಕ್ಕು

ಎಂಬತ್ತೆಂಟರ ಜುಲೈ. ಕುಡಚಿ ರೈಲು ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕಕ್ಕೆ ಒಬ್ಬ ತಾಯಿ, ಧಾರವಾಡದ ಕಾಲೇಜಿಗೆ ಹೊರಟ ಮಗಳೊಂದಿಗೆ ಟ್ರಂಕು ಇಟ್ಟುಕೊಂಡು ಕೂತಿದ್ದಳು. ಗಾಡಿ ಬರುವ ಹೊತ್ತಿಗೆ ತಾಯಿಯ ತಮ್ಮ ಓಡಿಬಂದು ಇಬ್ಬರಿಗೂ ಅಡ್ಡ ನಿಂತ.

“ಅಕ್ಕಾ, ಹೇಳದ ಕೇಳದ ಹೊಂಟೀರಿ?”

“ಹೇಳಿದ್ರ ನೀ ಬಿಡತಿದ್ದೇನು, ರಾವಸಾಹೇಬ?”

“ಸುನಂದಾ ತೊಟ್ಟಿಲದಾಗ ಇದ್ದಾಗನ ನನಗ ಕೊಡೂದಂತ ಮಾತಾಗೇತಿ. ಊರಿಗೆಲ್ಲಾ ಗೊತ್ತೈತಿ.”

“ಮಾಮಾ, ಆವಾಗ ನನ್ನ ಯಾರೂ ಕೇಳಿಲ್ಲ,” ಎಂದಳು ಮಗಳು.

“ತೊಟ್ಟಿಲದಾಗಿನ ಕೂಸಿನ್ನ ಯಾರ ಕೇಳ್ತಾರ?”

“ಈಗ ಕೇಳಬಹುದಲ್ಲ.”

ಅವನು ಕೇಳಲಿಲ್ಲ. ಅಕ್ಕನ ಕಡೆ ತಿರುಗಿದ.

“ಕಾಲೇಜ ಕಲತಾಕಿ ನಾಳೆ ನನ್ನ ದ್ರಾಕ್ಷಿ ತ್ವಾಟದಾಗ ನಿಂದರತಾಳೇನು?”

“ನಿಂದ್ರಾಂಗಿಲ್ಲ ಮಾಮಾ. ಅದನ್ನ ಹೇಳಾಕತ್ತೇನಿ.”

“ಅಕ್ಕಾ, ಇಕಿ ಗಾಡಿ ಹತ್ತಿದ್ರ ನಿನಗ ತವರಮನಿ ಇಲ್ಲಂತ ತಿಳಕೋ. ನಾಗರ ಪಂಚಮಿಗೆ ನಿನ್ನ ಕರಿಯಾಕ ನಾ ಬರಾಂಗಿಲ್ಲ.”

ತಾಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಗಾಡಿ ಬಂದು ನಿಂತಿತು.

“ಅವ್ವಾ, ಮನಿಗೆ ಹೋಗೂಣು ನಡಿ,” ಎಂದಳು ಮಗಳು.

“ನೀ ಸುಮ್ನಿರ ಮಗಳ. ಲಗ್ನಾದಾಗಿಂದ ತವರಾಗ ಒಂದ ಪಂಚಮಿ ಜೋಕಾಲಿ ತಪ್ಪಿಸಿಲ್ಲ ನಾ. ಈ ವರ್ಷ ನಮ್ಮ ಹಿತ್ತಲದಾಗಿನ ಬೇವಿನ ಗಿಡಕ್ಕ ಜೋಕಾಲಿ ಕಟ್ಟಕೋತೀನಿ.” ತಮ್ಮನನ್ನು ನೋಡಿದಳು. “ಒಂದ ಕಡೆ ಟ್ರಂಕ ಹಿಡಿ. ಭಾಳ ಒಜ್ಜಿ ಐತಿ.”

“ನಾ ಮುಟ್ಟಾಂಗಿಲ್ಲ.”

“ಹಂಗಾರ ದಾರಿ ಬಿಡು.”

ಅವನು ಬಿಡಲಿಲ್ಲ. ತಾಯಿ ಮಗಳು ಟ್ರಂಕನ್ನು ಎತ್ತಿಕೊಂಡು, ಅವನನ್ನು ಬಳಸಿ ಹೆಂಗಸರ ಡಬ್ಬಿಯ ಕಡೆ ನಡೆದರು.