ಸಾತಿಬಾಲ್ದಿ ಅಣ್ಣನ ಮೈಕು

ಕೊಚ್ಕೊರ್ ಊರಿನ ಹಿರಿಯರೇ, ಬೆಟ್ಟದ ಹುಲ್ಲುಗಾವಲಿನಿಂದ ಕುದುರೆ ಏರಿ ಇಳಿದು ಬಂದವರೇ, ಕಾನಿಮೆಟ್ ಅತ್ತಿಗೆ, ಮಗಳೇ ಬುರುಲ್ — ಎಲ್ಲರಿಗೂ ನನ್ನ ಸಲಾಂ.

ಇಂದಿಗೆ ನಲವತ್ತು ದಿನ. ನಮ್ಮ ಸಾತಿಬಾಲ್ದಿ ಅಣ್ಣ ಹೋಗಿ ನಲವತ್ತು ದಿನ. ನನಗೆ ಭಾಷಣ ಬರುವುದಿಲ್ಲ. ಮೂವತ್ತೊಂದು ವರ್ಷ ಇದೇ ಟಾಕೀಸಿನಲ್ಲಿ ನಾನು ರೀಲು ಓಡಿಸಿದೆ, ಮಾತಾಡಿದ್ದೆಲ್ಲ ಅವರೇ.

ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ. ಆಗ ಸಿನಿಮಾಗಳು ರಷ್ಯನ್ನಿನಲ್ಲಿ ಬರುತ್ತಿದ್ದವು. ಅಣ್ಣ ನನ್ನ ಪಕ್ಕದಲ್ಲೇ, ಮೇಲಿನ ಆ ಕಿರುಕೋಣೆಯಲ್ಲಿ ಮೈಕು ಹಿಡಿದು ಕೂರುತ್ತಿದ್ದರು. ನಾಯಕ, ನಾಯಕಿ, ಪೊಲೀಸು, ಅಳುವ ಕೂಸು — ಎಲ್ಲರ ಮಾತನ್ನೂ ಒಬ್ಬರೇ ನಮ್ಮ ಕಿರ್ಗಿಜ್ ಭಾಷೆಯಲ್ಲಿ ಹೇಳುತ್ತಿದ್ದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಸರಿ. ನಡುನಡುವೆ ತಮ್ಮ ಅಭಿಪ್ರಾಯವನ್ನೂ ಸೇರಿಸುತ್ತಿದ್ದರು! ಮೇಲಿನ ಕಚೇರಿಯಿಂದ ಎರಡು ಸಲ ನೋಟಿಸು ಬಂತು. ಎರಡನ್ನೂ ಓದಿ, ಮಡಚಿ, ಅಲುಗಾಡುವ ಕುರ್ಚಿಯ ಕಾಲಿನಡಿಗೆ ಇಟ್ಟರು.

ಹಿಂದೂಸ್ತಾನದ ಸಿನಿಮಾ ಬಂತೆನ್ನಿ. ಜಾತ್ರೆಯಲ್ಲಿ ಕಳೆದುಹೋದ ಅಣ್ಣತಮ್ಮಂದಿರು ಎದುರುಬದುರು ನಿಂತಿದ್ದಾರೆ. ಮೈಕಿನಲ್ಲಿ ಅಣ್ಣ, "ಇವರಿಬ್ಬರಿಗೆ ಗುರುತು ಹತ್ತೋಕೆ ಇನ್ನೂ ಒಂದು ಗಂಟೆ ಬೇಕು. ಚಹಾ ಕುಡಿಯೋರು ಕುಡಿದು ಬನ್ನಿ" ಎಂದರು. ಅರ್ಧ ಟಾಕೀಸು ಎದ್ದು ಹೋಯಿತು. ವಾಪಸು ಬಂದಾಗ ಆ ಇಬ್ಬರೂ ಇನ್ನೂ ಹೊಡೆದಾಡುತ್ತಲೇ ಇದ್ದರು.

ಯುದ್ಧದ ಸಿನಿಮಾಗಳ ಬಗ್ಗೆ ಮಾತ್ರ ಅವರು ತಮಾಷೆ ಮಾಡಲಿಲ್ಲ. ಒಮ್ಮೆ ತೆರೆಯ ಮೇಲೆ ಸೈನಿಕನೊಬ್ಬ ಹೂವಿನ ಬಯಲಿನಲ್ಲಿ ನಿಧಾನವಾಗಿ ಬಿದ್ದ. ಅಣ್ಣ, "ಇಷ್ಟು ಚೆನ್ನಾಗಿ ಯಾರೂ ಸಾಯಲ್ಲ. ನಮ್ಮಪ್ಪ ಹೀಗೆ ಸತ್ತಿರಲ್ಲ" ಎಂದರು. ಅಷ್ಟೇ. ಆಮೇಲೆ ಮುಂದಿನ ಮಾತು ಹೇಳುತ್ತ ಹೋದರು. ಅವರ ತಂದೆ ಯುದ್ಧಕ್ಕೆ ಹೋದವರು, ಅಣ್ಣ ಅವರ ಮುಖವನ್ನೇ ನೋಡಿರಲಿಲ್ಲ.

ಹೊಸದನ್ನೂ ಬಿಡುತ್ತಿರಲಿಲ್ಲ. ಟಿವಿಯಲ್ಲಿ ಅಮೆರಿಕದ ಯಂತ್ರಮಾನವರ ಕಾದಾಟ ನೋಡಿ, ಇಡೀ ಊರು ಕುಸಿಯಿತಲ್ಲ, ಒಬ್ಬನಾದರೂ ಪಕ್ಕದ ಮನೆಯವರನ್ನು ವಿಚಾರಿಸಿದನೇ ಎಂದು ಕೇಳಿದರು. ಅತ್ತಿಗೆಯ ತುರ್ಕಿ ಧಾರಾವಾಹಿಯನ್ನೂ ಹಂಗಿಸುತ್ತಿದ್ದರು: ಈ ಹೆಂಗಸರು ದಿನವಿಡೀ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡರೆ ಅಡುಗೆ ಯಾವಾಗ ಮಾಡುತ್ತಾರೆ? ಅತ್ತಿಗೆ ಬಿಡುವವರೇ? "ಎಲ್ಲರೂ ನಿಮ್ಮ ಥರ ಬಾಯಿಬಿಟ್ರೆ ಕಥೆ ಮೊದಲ ದಿನಾನೇ ಮುಗಿಯುತ್ತೆ" ಎಂದರು. — ನಗಿ ಅತ್ತಿಗೆ, ನಗಿ. ಅವರಿಗೂ ಅದೇ ಇಷ್ಟ.

ಈಗ — ನಾನು ಹೇಳಬೇಕಾದದ್ದು ಬೇರೆ ಇದೆ.

ಎಂಟು ವರ್ಷದ ಹಿಂದೆ ಅಣ್ಣನ ಮಗಳು ಬುರುಲ್ ತನ್ನ ಮೊದಲ ಸಿನಿಮಾ ತಂದಳು. ಬಿಷ್ಕೆಕ್ಕಿನಲ್ಲಿ ರಷ್ಯನ್ನಿನಲ್ಲೇ ಮಾಡಿದ್ದಳು. ಊರಿನವರಿಗೆ ಅಪ್ಪನೇ ಕಿರ್ಗಿಜಿನಲ್ಲಿ ಹೇಳಬೇಕೆಂಬುದು ಅವಳ ಆಸೆ. ನಿವೃತ್ತರಾಗಿದ್ದ ನಾವಿಬ್ಬರೂ ಮತ್ತೆ ಆ ಕೋಣೆ ಹತ್ತಿದೆವು. ಅಣ್ಣ ಹೇಳುತ್ತ ಹೋದರು, ಅಭಿಪ್ರಾಯದ ಸುದ್ದಿಯೇ ಇಲ್ಲ. ಕೊನೆಗೆ ಆ ಮುದುಕಿ ಕುದುರೆಯ ಹಾಲು ಕರೆಯುತ್ತ, ಸತ್ತ ಮಗನ ಹತ್ತಿರ ಮಾತಾಡುತ್ತಾಳಲ್ಲ — ನಿಮಗೆ ನೆನಪಿದೆ — ಅಲ್ಲಿ ಅಣ್ಣನ ದನಿಯೇ ನಿಂತಿತು. ಕೆಳಗಿನಿಂದ ನೀವೆಲ್ಲ ನನಗೆ ಬೈದಿರಿ. ಮೈಕಿನ ತಂತಿ ಕಡಿಯಿತು ಎಂದು ನಾನು ಕೂಗಿದೆ.

ಬುರುಲ್ ಮೆಟ್ಟಿಲು ಹತ್ತಿ ಬಂದು, ಹೇಗಿತ್ತಪ್ಪಾ ಎಂದು ಕೇಳಿದಳು. ಚಹಾ ಆರಿಹೋಗುತ್ತೆ, ಮನೆಗೆ ನಡಿ ಎಂದರು ಅಣ್ಣ. ಅವಳು ಮರುದಿನದ ಬಸ್ಸು ಹತ್ತಿದಳು. ಇಂದಿನವರೆಗೆ ಇನ್ನೊಂದು ಸಿನಿಮಾ ಮಾಡಿಲ್ಲ. ಮದುವೆಗಳ ವಿಡಿಯೋ ತೆಗೆಯುತ್ತಿದ್ದಾಳೆ.

ಮಣ್ಣು ಮಾಡಿದ ದಿನ ಅವಳು ನನ್ನ ಕೈಗೆ ನೀರು ಹಾಕುತ್ತ ಕೇಳಿದಳು: "ಮುಕಾಯ್ ಚಿಕ್ಕಪ್ಪ, ತಂತಿ ಕಡಿದಿರಲಿಲ್ಲ. ಅಪ್ಪಂಗೆ ಹಿಡಿಸಲಿಲ್ಲ, ನಡುವೆಯೇ ಬಿಟ್ರು, ಅಲ್ವಾ?" ನಾನು ಕೈ ಒರೆಸಿಕೊಂಡು ಹೊರಟುಬಂದೆ. ಅಣ್ಣನಿಗೆ ಮಾತು ಕೊಟ್ಟಿದ್ದೆ. ನಮ್ಮಲ್ಲಿ ತಂದೆಯಾದವನು ನಾಲ್ಕು ಜನರ ಮುಂದೆ ಮಗಳನ್ನು ಹೊಗಳುವುದಿಲ್ಲ, ದೃಷ್ಟಿ ತಾಕುತ್ತದೆ ಎನ್ನುತ್ತೇವೆ. ಎಂಟು ವರ್ಷ ನಾನೂ ಹಾಗೇ ನಂಬಿದೆ. ಅಣ್ಣ ತಪ್ಪು ಮಾಡಿದರು. ನಾನು ಅವರಿಗಿಂತ ದೊಡ್ಡ ತಪ್ಪು ಮಾಡಿದೆ. ಒಂದು ಮಾತಿಗಾಗಿ ಕಾದಿದ್ದ ಹುಡುಗಿಯನ್ನು ನಾವು ಇಬ್ಬರು ಮುದುಕರು ಸೇರಿ ಸೋಲಿಸಿದೆವು.

ಬುರುಲ್, ಕೇಳು. ಮೈಕನ್ನು ಅವರೇ ಬಂದ್ ಮಾಡಿದರು. ಮುಖ ತೋಳಿಗೆ ಒತ್ತಿಕೊಂಡು ಅತ್ತರು. ಮೂವತ್ತೊಂದು ವರ್ಷದಲ್ಲಿ ನಾನು ಅದನ್ನು ನೋಡಿರಲಿಲ್ಲ. ಆಮೇಲೆ ಹೇಳಿದ್ದು ಇಷ್ಟು, ಒಂದಕ್ಷರ ನಾನು ಸೇರಿಸಿಲ್ಲ:

"ಮುಕಾಯ್, ಪ್ರಪಂಚದ ಎಲ್ಲ ಸಿನಿಮಾಕ್ಕೂ ನಾನು ಬಾಯಿ ಹಾಕ್ದೆ. ಇದರಲ್ಲಿ ನಂಗೆ ಜಾಗಾನೇ ಇಲ್ಲ ಕಣೋ. ಆ ಮುದುಕಿ ಮಾತಿನ ಮೇಲೆ ನನ್ನ ದನಿ ಹಾಕೋಕೆ ನಂಗೆ ನಾಚಿಕೆ ಆಗುತ್ತೆ. ಅವಳಿಗೆ ಹೇಳಬೇಡ."

ಹೇಳಿದ್ದೇನೆ, ಅಣ್ಣ. ಮಾತು ಮುರಿದಿದ್ದೇನೆ. ಮಗಳೇ, ತಡವಾಯಿತು, ನನ್ನನ್ನು ಕ್ಷಮಿಸು. ಮತ್ತೆ — ಇನ್ನೊಂದು ಮಾಡು. ನೋಡೋಕೆ ನಾವು ಬರುತ್ತೇವೆ.

ಹಿರಿಯರೇ, ಕೈಯಲ್ಲಿನ ಬಟ್ಟಲು ಕೆಳಗಿಡಿ. ಎಲ್ಲರೂ ಎದ್ದು ನಿಲ್ಲಿ. ಒಂದು ನಿಮಿಷ ಯಾರೂ ಏನೂ ಹೇಳಬೇಡಿ. ಬುರುಲ್, ನೀನು ಕೂತಿರು ತಾಯಿ. ನಿನ್ನ ಸಿನಿಮಾಕ್ಕಾಗಿ ನಾವು ನಿಂತಿರುತ್ತೇವೆ.