ಗೋಲ್‌ಕೀಪರನ ಹೆಂಡತಿ ಪಂದ್ಯ ನೋಡಿದ್ದು

ಮೂರನೇ ಡಿವಿಜನ್ನಿನ ಫುಟ್‌ಬಾಲ್ ಪಂದ್ಯ ಮುಗಿದಿತ್ತು. ಮೈದಾನದ ಎದುರಿನ ಬಸ್ ಸ್ಟಾಪಿನಲ್ಲಿ ಅಕ್ಕ ತಂಗಿಯರಿಬ್ಬರು ಬಂದು ನನ್ನ ಪಕ್ಕ ಕೂತರು. ತಂಗಿ ಸುಸ್ತಾಗಿ ಕಾಲು ಚಾಚಿದಳು.

“ನಿನ್ನ ಗಂಡ ಆಡಲೇ ಇಲ್ವಲ್ಲೇ,” ಎಂದಳು ಅಕ್ಕ.

“ಇಲ್ಲ ಕಣಕ್ಕ. ತೊಂಬತ್ತು ನಿಮಿಷಾನೂ ಬೆಂಚ್ ಮೇಲೇ ಕೂತಿದ್ರು.”

“ನೀನು ಬಂದಿದ್ದು ಗೊತ್ತಾ ಅವರಿಗೆ?”

“ಗೊತ್ತಿಲ್ಲ. ಪ್ರತಿ ವಾರ ಮನೆಗೆ ಬಂದು ಇಷ್ಟು ಗೋಲ್ ತಡೆದೆ, ಅಷ್ಟು ತಡೆದೆ ಅಂತಾರೆ. ಒಂದ್ಸಲ ಕಣ್ಣಾರೆ ನೋಡೋಣ ಅಂತ ಹೇಳದೇ ಬಂದೆ.”

“ಅಂದ್ರೆ ಇಷ್ಟು ದಿನ ಬಿಟ್ಟಿದ್ದೆಲ್ಲ ಬುರುಡೆ.”

“ನೀನು ನೀರು ತರೋಕೆ ಹೋಗಿದ್ದಾಗ ಮೈದಾನ ಖಾಲಿಯಾಗಿತ್ತು. ಗೋಲ್ ಮುಂದೆ ಒಬ್ರೇ ನೆಲಕ್ಕೆ ಬಿದ್ದು ಹೊರಳ್ತಿದ್ರು. ಅಂಗಿಗೆ ಕೆಸರು ಮಾಡ್ಕೊಳ್ತಿದ್ರು ಅಕ್ಕ.”

ಅಕ್ಕ ನೀರಿನ ಬಾಟಲಿಯನ್ನು ತಂಗಿಯ ಕೈಗಿಟ್ಟಳು.

“ವಯಸ್ಸು ನಲವತ್ತೆರಡಾಯ್ತು ಅವರಿಗೆ. ಇನ್ನು ಸಾಕು ಅಂತ ನೀನಾದ್ರೂ ಹೇಳಬಾರ್ದಾ?”

“ಹೇಳೋಕೆ ಹೋದ್ರೆ ನಾನು ನೋಡಿದ್ದನ್ನೂ ಹೇಳ್ಬೇಕಾಗುತ್ತೆ.”

ಬಸ್ಸು ಬಂತು. ತಂಗಿ ಮೊಣಕಾಲಿಗೆ ಕೈಯೂರಿ ಎದ್ದಳು.

“ನಡಿ ಅಕ್ಕ. ಅವರಿಗಿಂತ ಮುಂಚೆ ಮನೆ ಸೇರಿ ಬಿಸಿನೀರು ಕಾಯಿಸಿಡ್ಬೇಕು. ಆಡಿ ಮೈಕೈ ನೋವು ಅಂತ ಬರ್ತಾರೆ,” ಎನ್ನುತ್ತ ಬಸ್ಸು ಹತ್ತಿದಳು.