ವೆಬ್‌ಸೈಟಿನ ಉತಾರ

ಸಿಂದಗಿ ನಿಲ್ದಾಣದಲ್ಲಿ ಮುದ್ದೇಬಿಹಾಳದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅತ್ತೆ, ಸೊಸೆ ಕೂತಿದ್ದರು. ಸೊಸೆಯ ಕೈಯಲ್ಲಿ ಮೊಬೈಲ್.

“ಹುಡುಗಂದು ಒಣದ್ರಾಕ್ಷಿ ಕಂಪನಿ ಅವರ ಅಜ್ಜನ ಕಾಲದ್ದಂತ ವೆಬ್‌ಸೈಟಿನ್ಯಾಗ ಬರದಾರ್ರಿ, ಅತ್ತಿ.”

“ಬರಿಯಾಕ ಏನ್ ಬೇಕು. ಮಗಳು ಭಾಗ್ಯಾನ್ನ ಆ ಮನಿಗೆ ಕೊಡಾಕಿ ನಾನು. ಖರೇನೋ ಸುಳ್ಳೋ ನೋಡಾಕ ದಾರಿ ಇಲ್ಲೇನು?”

“ಐತ್ರಿ. ವೆಬ್‌ಸೈಟಿನ ಹೆಸರು ಯಾರು, ಯಾವಾಗ ತಗೊಂಡಾರಂತ ದಾಖಲಿ ಇರ್ತೈತಿ. ಹೂಈಸ್ ಅಂತಾರ. ಯಾರು ಬೇಕಾದ್ರೂ ತೆಗೆದು ನೋಡಬಹುದು.”

“ಹೊಲದ ಪಹಣಿ ಉತಾರ ಇದ್ದಂಗ ಅನ್ನು.”

“ಹೌದ್ರಿ. ಆದ್ರ ಇದರಾಗ ಮಾಲಕರ ಹೆಸರು ಮುಚ್ಚ್ಯಾರ.”

“ಯಾಕ ಮುಚ್ಚ್ಯಾರ?”

“ಈಗ ಭಾಳ ಮಂದೀ ಹೆಸರು ಮುಚ್ಚೇ ಇರ್ತಾವ್ರಿ, ಅದು ಕಳ್ಳತನ ಅಲ್ಲ. ನೋಂದಣಿ ಆದ ತಾರೀಕು ಮಾತ್ರ ಕಾಣ್ತೈತಿ.”

“ಯಾವತ್ತೈತಿ?”

“ಹೋದ ಮಂಗಳವಾರ.”

ಅತ್ತೆ ಸೆರಗು ಸರಿಪಡಿಸಿಕೊಂಡರು.

“ಮನಿ ನೋಡಾಕ ಬರ್ತೇವಂತ ನಾವು ಫೋನ್ ಹಚ್ಚಿದ್ದು ಯಾವತ್ತು?”

“ಅದರ ಹಿಂದಿನ ದಿನಾನ, ಸೋಮವಾರ.”

ಸೊಸೆ ಮೊಬೈಲ್ ಚೀಲಕ್ಕೆ ಹಾಕಿ ಮತ್ತೆ ಮಾತು ತೆಗೆದಳು.

“ಕಂಪನಿ ಹಳೇದ ಇರಬಹುದ್ರಿ. ವೆಬ್‌ಸೈಟ್ ಅಷ್ಟ ಈಗ ಮಾಡಿರಬಹುದು.”

“ಇರಬಹುದು. ಅದನ್ನ ಅವರ ಮನ್ಯಾಗ ಕುಂತು ಕೇಳೂಣು.”

ಅವರು ಹೋಗಬೇಕಿದ್ದ ಇಂಡಿ ಬಸ್ಸು ಬಂತು. ಸೊಸೆ ಏಳಲಿಲ್ಲ.

“ಈಗ ಹೋಗೂದೇನ್ರಿ?”

“ಹೋಗದ ಮತ್ತ? ನಮ್ಮ ಸಲುವಾಗಿ ಹುಟ್ಟಿದ ಕೂಸು ಆ ವೆಬ್‌ಸೈಟು. ಕೂಸು ನೋಡಾಕ ಬರಿಗೈಲೆ ಹೋಗಬಾರದು. ಇಂಡ್ಯಾಗ ಇಳಿದು, ತಲಿಗೆ ಹಾಕಾಕ ಒಂದು ಕುಂಚಿಗಿ ತಗೊಳ್ಳೂಣು” ಎನ್ನುತ್ತ ಅತ್ತೆ ಮೊದಲು ಬಸ್ ಹತ್ತಿದರು.